ಯಾವ ತೀರ್ಮಾನಕ್ಕೆ ಎಷ್ಟು ಪುರಾವೆ?

ಎಂಡೋಸಲ್ಫಾನ್ ಕೀಟನಾಶಕಕ್ಕೂ ಕಾಸರಗೋಡಿನ ಹಳ್ಳಿಗಳಲ್ಲಿ ಕಾಣಿಸಿಕೊಂಡ ಕಾಯಿಲೆಗಳಿಗೂ ಸಂಬಂಧ ಸಾಬೀತಾಗಿಲ್ಲವೆಂದು ಕೇಂದ್ರ ಸರ್ಕಾರದ ಸಮಿತಿಗಳು 2000ರ ದಶಕದ ಮೊದಲರ್ಧದಲ್ಲಿ ವರದಿ ಕೊಟ್ಟವು. ಕೇರಳದ ಹೊರಗೆ ಆ ಮದ್ದಿನ ಮಾರಾಟ ಮುಂದುವರಿಯಿತು. ಹೆಚ್ಚುಕಡಿಮೆ ಅದೇ ವರ್ಷಗಳಲ್ಲಿ ಬೆಂಗಳೂರಿನ ಮಡಿವಾಳದ ವಿಧಿವಿಜ್ಞಾನ ಪ್ರಯೋಗಾಲಯ ಮಂಪರು ಪರೀಕ್ಷೆಗೆ ದೇಶದಲ್ಲೇ ಹೆಸರಾಗಿತ್ತು. ಹೊರರಾಜ್ಯಗಳ ಪೊಲೀಸರೂ ತಮ್ಮ ಆರೋಪಿಗಳನ್ನು ಬೆಂಗಳೂರಿಗೆ ಕರೆತರುತ್ತಿದ್ದರು. ಅವರಿಗೆ ಅರಿವಳಿಕೆಯ ಮದ್ದು ಏರಿಸಿ, ಅರೆಪ್ರಜ್ಞೆಯಲ್ಲಿ ತೊದಲಿದ್ದನ್ನೆಲ್ಲ ದಾಖಲಿಸಿಕೊಳ್ಳಲಾಗುತ್ತಿತ್ತು. ಈ ಎರಡು ಸಂಗತಿಗಳನ್ನು ಯಾರೂ ಒಟ್ಟಿಗೆ ಇಟ್ಟು ನೋಡುವುದಿಲ್ಲ. ಇಟ್ಟು ನೋಡಿದರೆ ತಲೆಕೆಳಗಾದ ಒಂದು ವ್ಯವಸ್ಥೆ ಕಣ್ಣಿಗೆ ಬೀಳುತ್ತದೆ. ಹಳ್ಳಿಗರ ನೀರು, ಗಾಳಿ, ಮಕ್ಕಳ ಆರೋಗ್ಯದ ಪ್ರಶ್ನೆ ಬಂದಾಗ ಕೊಲೆ ಮೊಕದ್ದಮೆಯಲ್ಲಿ ಕೇಳುವಂಥ ಕಟ್ಟುನಿಟ್ಟಿನ ಪುರಾವೆ ಕೇಳಲಾಯಿತು. ಒಬ್ಬ ವ್ಯಕ್ತಿಯ ಸ್ವಾತಂತ್ರ್ಯ, ಕೆಲವೊಮ್ಮೆ ಅವನ ಜೀವವೇ ಪಣಕ್ಕಿದ್ದಲ್ಲಿ ಮಂಪರಿನ ಮಾತೂ ನಡೆಯಿತು. ನಾನು ಹೇಳಹೊರಟಿರುವುದು ಇಷ್ಟೇ: ಎಷ್ಟು ಪುರಾವೆ ಸಾಕು ಎಂಬುದನ್ನು ಪುರಾವೆಯನ್ನು ಮಾತ್ರ ನೋಡಿ ಹೇಳಲಾಗದು. ಅದನ್ನು ನೆಚ್ಚಿ ಏನು ಮಾಡಲು ಹೊರಟಿದ್ದೇವೆ, ನಮ್ಮೆಣಿಕೆ ತಪ್ಪಿದರೆ ಅದರ ಪೆಟ್ಟು ಯಾರಿಗೆ ಬೀಳುತ್ತದೆ, ಬಿದ್ದ ಪೆಟ್ಟನ್ನು ಸರಿಪಡಿಸಬಹುದೇ ಎಂಬುದನ್ನು ನೋಡಿಯೇ ಅದನ್ನು ನಿರ್ಧರಿಸಬೇಕು.

ಇದು ಹೊಸ ವಿಚಾರವೂ ಅಲ್ಲ, ಕಾನೂನಿಗೆ ಹೊರಗಿನದೂ ಅಲ್ಲ. ಜೇಮ್ಸ್ ಫಿಟ್ಸ್‌ಜೇಮ್ಸ್ ಸ್ಟೀಫನ್ ರೂಪಿಸಿದ 1872ರ ಭಾರತೀಯ ಸಾಕ್ಷ್ಯ ಕಾಯ್ದೆ 'ಸಾಬೀತು' ಎಂದರೇನು ಎಂದು ವಿವರಿಸುವಾಗ ಪೂರ್ಣ ಖಚಿತತೆಯನ್ನು ಬೇಡಲಿಲ್ಲ. ಒಂದು ಸಂಗತಿ ನಿಜವೆಂದು ನ್ಯಾಯಾಲಯ ನಂಬಬೇಕು, ಇಲ್ಲವೇ ಆ ಪ್ರಕರಣದ ಸನ್ನಿವೇಶದಲ್ಲಿ ವಿವೇಕಿಯಾದವನು ಅದು ನಿಜವೆಂದೇ ಬಗೆದು ನಡೆದುಕೊಳ್ಳುವಷ್ಟು ಅದರ ಸಂಭವ ಇರಬೇಕು; ಕಾಯ್ದೆಗೆ ಅಷ್ಟು ಸಾಕು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮವೂ ಈ ವಿವರಣೆಯನ್ನು ಉಳಿಸಿಕೊಂಡಿದೆ. ಇಲ್ಲಿ ಎರಡು ಅಂಶ ಗಮನಿಸಬೇಕು. ಸಾಬೀತು ಎನ್ನುವುದನ್ನು ಕಾಯ್ದೆ ನಡೆದುಕೊಳ್ಳುವುದರ ಜೊತೆ ಕಟ್ಟಿಹಾಕಿದೆ, ಬರೀ ತಿಳಿವಳಿಕೆಯ ಜೊತೆಗಲ್ಲ. ಮತ್ತು ಆ ನಡೆಯನ್ನು ಆಯಾ ಪ್ರಕರಣದ ಸನ್ನಿವೇಶಕ್ಕೆ ಬಿಟ್ಟಿದೆ. ಸಾಲದ ವ್ಯಾಜ್ಯದಲ್ಲಿ ಯಾರ ಮಾತಿನ ಕಡೆ ತೂಕ ಹೆಚ್ಚಿದೆ ಎಂದಷ್ಟೇ ನೋಡುವ ನ್ಯಾಯಾಲಯ, ಕೊಲೆಯ ವಿಚಾರಣೆಯಲ್ಲಿ ಸಮಂಜಸವಾದ ಯಾವ ಸಂಶಯವೂ ಉಳಿಯಬಾರದು ಎನ್ನುವುದು ಈ ಕಾರಣಕ್ಕೇ. ಕಾಯ್ದೆಯ ವ್ಯಾಖ್ಯಾನ ಎರಡಕ್ಕೂ ಒಂದೇ. ತಪ್ಪಿದಾಗ ತೆರಬೇಕಾದ ಬೆಲೆ ಬೇರೆ. ಸಾಲದ ತೀರ್ಪು ತಪ್ಪಾದರೆ ಹಣ ಕೈತಪ್ಪುತ್ತದೆ, ಕೊಲೆಯ ತೀರ್ಪು ತಪ್ಪಾದರೆ ನಿರಪರಾಧಿಯೊಬ್ಬ ಜೈಲಿನಲ್ಲಿ ಕೊಳೆಯುತ್ತಾನೆ.

ಈಗ ಕಾಸರಗೋಡಿಗೆ ಬರೋಣ. ಕೇರಳ ಸರ್ಕಾರದ ಒಡೆತನದ ಪ್ಲಾಂಟೇಶನ್ ಕಾರ್ಪೊರೇಶನ್ ಅಲ್ಲಿನ ಗುಡ್ಡಗಳಲ್ಲಿ ಸಾವಿರಾರು ಹೆಕ್ಟೇರ್ ಗೇರು ತೋಟ ಬೆಳೆಸಿತ್ತು. ಗೇರಿನ ಚಿಗುರು, ಹೂವುಗಳ ರಸ ಹೀರುವ ಟೀ ಸೊಳ್ಳೆ ಎಂಬ ಕೀಟವನ್ನು ಕೊಲ್ಲಲು 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಲಾಯಿತು. ಎಣ್ಮಕಜೆ ಪಂಚಾಯತಿನ ಪಡ್ರೆಯಂಥ ಊರಿನ ನೆಲವನ್ನು ಒಮ್ಮೆ ಕಣ್ಣಮುಂದೆ ತಂದುಕೊಳ್ಳಬೇಕು. ಗುಡ್ಡದ ಮೇಲೆ ನಿಗಮದ ಗೇರು ತೋಟ. ಕೆಳಗೆ ಕಣಿವೆಯಲ್ಲಿ ಅಡಿಕೆ ತೋಟ, ಮನೆ, ಶಾಲೆ, ತೋಡು. ಕುಡಿಯುವ ನೀರು ಬರುವುದು ಸುರಂಗದಿಂದ. ಗುಡ್ಡದ ಒಡಲಿಗೆ ಅಡ್ಡಲಾಗಿ ಕೊರೆದ ಆ ಸುರಂಗದಲ್ಲಿ ಜಿನುಗಿದ ನೀರು ದಂಬೆಯಲ್ಲಿ ಹರಿದು ಬಂದು ಮನೆಯ ಬಳಿ ಬಾಯ್ದೆರೆದ ಮಣ್ಣಿನ ಕೆರೆಯಲ್ಲಿ ನಿಲ್ಲುತ್ತದೆ. ವೈಮಾನಿಕ ಸಿಂಪಡಣೆಗೆ ನಿಯಮಗಳಿದ್ದವು: ಗಿಡಗಳ ತುದಿಯಿಂದ ಕೆಲವೇ ಮೀಟರ್ ಎತ್ತರದಲ್ಲಿ ಹಾರಬೇಕು, ನೀರಿನ ಮೂಲಗಳನ್ನು ಮುಚ್ಚಿಡಬೇಕು, ಜನರಿಗೆ ಮೊದಲೇ ತಿಳಿಸಬೇಕು. ಏರುತಗ್ಗಿನ ಆ ನೆಲದಲ್ಲಿ ಒಂದೇ ಎತ್ತರ ಕಾಯ್ದುಕೊಂಡು ಹಾರುವುದೂ ಕಷ್ಟ, ಗುಡ್ಡದಿಂದ ಒಸರುವ ನೀರನ್ನು ಮುಚ್ಚಿಡುವುದೂ ಕಷ್ಟ.

ಅಲ್ಲಿ ಏನೋ ಸರಿಯಿಲ್ಲ ಎಂಬ ಮೊದಲ ಸುಳಿವು ಕೊಟ್ಟವರು ಊರಿನ ಜನರೇ. ಅಂಗವೈಕಲ್ಯದಿಂದ ಹುಟ್ಟಿದ ಕರುಗಳ ಬಗ್ಗೆ ಕೃಷಿ ಪತ್ರಕರ್ತ ಶ್ರೀಪಡ್ರೆ 1980ರ ದಶಕದ ಆರಂಭದಲ್ಲೇ ಬರೆದರು. ವಾಣಿನಗರದಲ್ಲಿ ವೈದ್ಯರಾಗಿದ್ದ ಡಾ. ವೈ.ಎಸ್. ಮೋಹನಕುಮಾರ್ ಒಂದು ಪುಟ್ಟ ಪ್ರದೇಶದಲ್ಲಿ ಕ್ಯಾನ್ಸರ್, ಬುದ್ಧಿಮಾಂದ್ಯ, ಹುಟ್ಟಿನಿಂದ ಬಂದ ವೈಕಲ್ಯ, ಮಾನಸಿಕ ಕಾಯಿಲೆಗಳು ಅಸಹಜವಾಗಿ ಹೆಚ್ಚಿರುವುದನ್ನು 1990ರ ದಶಕದಲ್ಲಿ ಗುರುತಿಸಿದರು. ಇವೆಲ್ಲ ಎಂಥ ಪುರಾವೆ? ಪ್ರಾಮಾಣಿಕವಾಗಿ ಹೇಳುವುದಾದರೆ, ಎಂಡೋಸಲ್ಫಾನೇ ಕಾರಣ ಎಂದು ಸಾರಲು ಸಾಲದಷ್ಟು ದುರ್ಬಲ. ಒಬ್ಬ ವೈದ್ಯರ ಕಣ್ಣಿಗೆ ಬಿದ್ದ ರೋಗಿಗಳ ಗುಂಪು ಕಾಕತಾಳೀಯವಾಗಿರಬಹುದು. ಬಡತನ, ಅಪೌಷ್ಟಿಕತೆ, ಹತ್ತಿರದ ರಕ್ತಸಂಬಂಧದ ಮದುವೆಗಳಂಥ ಬೇರೆ ಕಾರಣಗಳನ್ನು ತಳ್ಳಿಹಾಕಿ ನೋಡಿರಲಿಲ್ಲ. ಆದರೆ ಆಗ ಮುಂದಿದ್ದ ತೀರ್ಮಾನ ಹೆಲಿಕಾಪ್ಟರನ್ನು ನಿಲ್ಲಿಸಬೇಕೇ ಎಂಬುದು. ಯಾರನ್ನಾದರೂ ಶಿಕ್ಷಿಸುವ ಮಾತು ಬಂದಿರಲಿಲ್ಲ. ನಿಲ್ಲಿಸಿ, ಅನುಮಾನ ತಪ್ಪೆಂದು ಗೊತ್ತಾದರೆ ನಷ್ಟವೆಷ್ಟು? ಒಂದೆರಡು ವರ್ಷ ಗೇರು ಫಸಲಿನಲ್ಲಿ ಕೊರತೆ, ಇಲ್ಲವೇ ಆಳುಗಳಿಂದ ನೆಲದ ಮೇಲೆ ನಿಂತು ಸಿಂಪಡಿಸುವ ಹೆಚ್ಚುವರಿ ಖರ್ಚು. ನಿಲ್ಲಿಸದೆ, ಅನುಮಾನ ನಿಜವಾದರೆ? ಇನ್ನೊಂದು ತಲೆಮಾರಿನ ಮಕ್ಕಳು. ಕೃಷಿ ಇಲಾಖೆಯ ಉದ್ಯೋಗಿ ಲೀಲಾಕುಮಾರಿ ಅಮ್ಮ 1998ರಲ್ಲಿ ಕಾಞಂಗಾಡಿನ ಹೊಸದುರ್ಗ ಮುನ್ಸಿಫ್ ನ್ಯಾಯಾಲಯಕ್ಕೆ ಹೋದಾಗ ಅಲ್ಲಿ ವೈಮಾನಿಕ ಸಿಂಪಡಣೆಗೆ ತಡೆಯಾಜ್ಞೆ ಸಿಕ್ಕಿತು. ವೈಜ್ಞಾನಿಕ ವಿವಾದವನ್ನು ಇತ್ಯರ್ಥ ಮಾಡುವ ಗೊಡವೆಗೆ ಹೋಗದೆ, ಕೈಲಿದ್ದ ಪುರಾವೆಯನ್ನು ಅದು ಹೊರಬಲ್ಲ ಕೆಲಸಕ್ಕಷ್ಟೇ ಬಳಸಿದ ಈ ಸಣ್ಣ ನ್ಯಾಯಾಲಯದ ಆದೇಶ ಮುಂದಿನ ಎಷ್ಟೋ ತಜ್ಞ ವರದಿಗಳಿಗಿಂತ ವಿವೇಕದ್ದು ಎಂದು ನನ್ನ ಎಣಿಕೆ.

ಆಮೇಲೆ ಬಂದವು ಪರೀಕ್ಷೆಗಳು. 2001ರಲ್ಲಿ ದೆಹಲಿಯ ಸೆಂಟರ್ ಫಾರ್ ಸೈನ್ಸ್ ಅಂಡ್ ಎನ್ವಿರಾನ್ಮೆಂಟ್ ಪಡ್ರೆಯ ರಕ್ತ, ನೀರು, ಮಣ್ಣಿನ ಮಾದರಿಗಳಲ್ಲಿ ಭಾರೀ ಪ್ರಮಾಣದ ಎಂಡೋಸಲ್ಫಾನ್ ಕಂಡಿತು. ತೋಟದ ನಿಗಮ ಮಾಡಿಸಿದ ಪರೀಕ್ಷೆಗೆ ಅಂಥದ್ದೇನೂ ಸಿಗಲಿಲ್ಲ. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ಮಧ್ಯೆ ಬಂದ ಮೇಲೆ ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆ ಅಧ್ಯಯನಕ್ಕಿಳಿಯಿತು. ಅದು ಪಡ್ರೆಯ ಮಕ್ಕಳನ್ನು ಸುಮಾರು 20 ಕಿಲೋಮೀಟರ್ ದೂರದ, ವೈಮಾನಿಕ ಸಿಂಪಡಣೆ ಇಲ್ಲದ ಮೀಂಜದ ಮಕ್ಕಳ ಜೊತೆ ಹೋಲಿಸಿತು. ಪಡ್ರೆಯ 117 ಮತ್ತು ಮೀಂಜದ 90 ಹುಡುಗರ ಪರೀಕ್ಷೆಯ ಫಲಿತಾಂಶ 2003ರಲ್ಲಿ ಅಂತರರಾಷ್ಟ್ರೀಯ ವಿಜ್ಞಾನ ಪತ್ರಿಕೆಯೊಂದರಲ್ಲಿ ಪ್ರಕಟವಾಯಿತು. ಸಿಂಪಡಣೆ ನಿಂತು ತಿಂಗಳುಗಳೇ ಕಳೆದಿದ್ದರೂ ಪಡ್ರೆಯ ಹುಡುಗರ ರಕ್ತದಲ್ಲಿ ಎಂಡೋಸಲ್ಫಾನ್ ಹಲವು ಪಟ್ಟು ಹೆಚ್ಚಿತ್ತು. ಅವರು ಪ್ರೌಢಾವಸ್ಥೆಗೆ ಬರುವುದು ತಡವಾಗುತ್ತಿರುವ ಲಕ್ಷಣಗಳಿದ್ದವು. ಈ ಅಧ್ಯಯನಕ್ಕೆ ಅದೇ ಪತ್ರಿಕೆಯಲ್ಲಿ ಆಕ್ಷೇಪಗಳೂ ಬಂದವು. ಮಾದರಿ ಚಿಕ್ಕದು, ಎರಡೂ ಊರುಗಳ ಮಕ್ಕಳನ್ನು ಒಂದೇ ತಕ್ಕಡಿಯಲ್ಲಿ ತೂಗಬಹುದೇ ಎಂಬ ಪ್ರಶ್ನೆ ಇದ್ದೇ ಇದೆ. ಆಕ್ಷೇಪ ಎತ್ತುವುದು ವಿಜ್ಞಾನದ ದಿನನಿತ್ಯದ ಕೆಲಸ. ಅದರಲ್ಲಿ ತಪ್ಪಿಲ್ಲ, ತಪ್ಪು ನಡೆದದ್ದು ಮುಂದಿನ ಹೆಜ್ಜೆಯಲ್ಲಿ.

ಒ.ಪಿ. ದುಬೆ ಅಧ್ಯಕ್ಷತೆಯ ಸಮಿತಿ, ಅದರ ಬೆನ್ನಿಗೆ ಸಿ.ಡಿ. ಮಾಯಿ ಅಧ್ಯಕ್ಷತೆಯ ಸಮಿತಿ, ಎರಡೂ ಸಂಬಂಧ ಸಾಬೀತಾಗಿಲ್ಲ ಎಂಬ ನಿಲುವಿಗೆ ಬಂದವು. ಆ ಮಾತನ್ನು ಸರ್ಕಾರವೂ ಉದ್ಯಮವೂ ಸಂಬಂಧ ಇಲ್ಲವೆಂದು ಸಾಬೀತಾಗಿದೆ ಎನ್ನುವ ಹಾಗೆ ಓದಿಕೊಂಡವು. ಇವೆರಡೂ ಒಂದೇ ಆಗಬೇಕಾದರೆ, ಸಂಬಂಧ ಇದ್ದಿದ್ದರೆ ಖಂಡಿತ ಕಂಡೇ ಕಾಣುವಷ್ಟು ಚೆನ್ನಾಗಿ ಹುಡುಕಿರಬೇಕು. ಇಪ್ಪತ್ತು ವರ್ಷ ಸಿಂಪಡಿಸಿದವರು ಹಾಗೆ ಹುಡುಕಿದ್ದರೇ? ಸಿಂಪಡಣೆ ಶುರುವಾಗುವ ಮೊದಲು ಆ ಊರುಗಳಲ್ಲಿ ಯಾವ ಕಾಯಿಲೆ ಎಷ್ಟಿತ್ತು ಎಂಬ ಲೆಕ್ಕವನ್ನು ಯಾರೂ ಬರೆದಿಡಲಿಲ್ಲ. ಸಿಂಪಡಿಸುತ್ತಿದ್ದಾಗ ನೀರಿನಲ್ಲಿ ಎಷ್ಟು ವಿಷ ಸೇರುತ್ತಿದೆ ಎಂದು ವರ್ಷವರ್ಷ ಅಳೆಯಲಿಲ್ಲ. ಆ ಲೆಕ್ಕ ಇಡುವ ಶಕ್ತಿ, ಹಣ, ಹೊಣೆ ಮೂರೂ ಇದ್ದದ್ದು ನಿಗಮಕ್ಕೆ, ಸರ್ಕಾರಕ್ಕೆ. ಸುರಂಗದ ನೀರು ಕುಡಿಯುವ ಕೂಲಿಯವಳಿಗಾಗಲಿ, ಸಣ್ಣ ಅಡಿಕೆ ಬೆಳೆಗಾರನಿಗಾಗಲಿ ಅವು ಇರಲಿಲ್ಲ. ಪುರಾವೆಯನ್ನು ಕೂಡಿಡಬೇಕಾದವರೇ ಕೂಡಿಡದೆ, ಕೊನೆಗೆ ಪುರಾವೆ ಎಲ್ಲಿ ಎಂದು ಇನ್ನೊಬ್ಬರನ್ನು ಕೇಳುವುದು ಸಾಕ್ಷ್ಯದ ದುರ್ಬಳಕೆಗಳಲ್ಲೆಲ್ಲ ಅತ್ಯಂತ ಅನ್ಯಾಯದ್ದು. ಏಕೆಂದರೆ ಅದು ವೈಜ್ಞಾನಿಕ ಎಚ್ಚರದ ವೇಷ ತೊಟ್ಟು ಬರುತ್ತದೆ, ಅದನ್ನು ಪ್ರಶ್ನಿಸಿದವರು ವಿಜ್ಞಾನದ ವಿರೋಧಿಗಳಂತೆ ಕಾಣುತ್ತಾರೆ.

ಸುಪ್ರೀಂ ಕೋರ್ಟು ಈ ಸೂಕ್ಷ್ಮವನ್ನು ಎಂಡೋಸಲ್ಫಾನ್ ತನ್ನೆದುರು ಬರುವ ಮೊದಲೇ ಕಂಡುಕೊಂಡಿತ್ತು. ತಮಿಳುನಾಡಿನ ಚರ್ಮ ಹದ ಮಾಡುವ ಕಾರ್ಖಾನೆಗಳ ಮಾಲಿನ್ಯ ಕುರಿತ 1996ರ ವೆಲ್ಲೂರು ನಾಗರಿಕರ ವೇದಿಕೆಯ ಪ್ರಕರಣದಲ್ಲಿ ಅದು ಮುನ್ನೆಚ್ಚರಿಕೆಯ ತತ್ವವನ್ನು ಭಾರತದ ಕಾನೂನಿನ ಭಾಗವೆಂದು ಒಪ್ಪಿಕೊಂಡಿತು. ಸರಿಪಡಿಸಲಾಗದ ಹಾನಿಯ ಭಯವಿದ್ದಲ್ಲಿ ವೈಜ್ಞಾನಿಕ ಖಚಿತತೆ ಇಲ್ಲವೆಂಬ ನೆಪದಿಂದ ಕ್ರಮ ಮುಂದೂಡಬಾರದು. ತನ್ನ ಕೆಲಸದಿಂದ ಹಾನಿಯಿಲ್ಲ ಎಂದು ತೋರಿಸುವ ಹೊಣೆ ಆ ಕೆಲಸ ಮಾಡುವವನದೇ. 1999ರ ಎಂ.ವಿ. ನಾಯುಡು ಪ್ರಕರಣದಲ್ಲಿ ಅದೇ ನ್ಯಾಯಾಲಯ ಈ ವಿಚಾರವನ್ನು ಇನ್ನಷ್ಟು ಬಿಡಿಸಿ ನೋಡಿತು. ಕರ್ನಾಟಕ ಸರ್ಕಾರ 2011ರ ಫೆಬ್ರುವರಿಯಲ್ಲಿ ಎಂಡೋಸಲ್ಫಾನ್ ನಿಷೇಧಿಸಿತು. ಏಪ್ರಿಲಿನಲ್ಲಿ ಜಿನೀವಾದಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ದೇಶಗಳು ಅದನ್ನು ತೊಡೆದುಹಾಕಬೇಕಾದ ರಾಸಾಯನಿಕಗಳ ಪಟ್ಟಿಗೆ ಸೇರಿಸಿದವು. ಬಹುಕಾಲ ವಿರೋಧಿಸುತ್ತಿದ್ದ ಭಾರತ ಕೆಲವು ವಿನಾಯಿತಿಗಳೊಂದಿಗೆ ಒಪ್ಪಿತು. ಮೇ 13ರಂದು ಸುಪ್ರೀಂ ಕೋರ್ಟು ಸಂವಿಧಾನದ 21ನೇ ವಿಧಿಯನ್ನೂ ಮುನ್ನೆಚ್ಚರಿಕೆಯ ತತ್ವವನ್ನೂ ನೆನೆದು ದೇಶದಾದ್ಯಂತ ಅದರ ತಯಾರಿಕೆ, ಮಾರಾಟ, ಬಳಕೆಗೆ ಮಧ್ಯಂತರ ತಡೆ ನೀಡಿತು. ಪುರಾವೆ 2003ರಿಂದ 2011ಕ್ಕೆ ಪವಾಡದಂತೆ ಬಲವಾಗಿರಲಿಲ್ಲ. ಕೇಳುವ ಪ್ರಶ್ನೆ ಕೊನೆಗೂ ಸರಿಯಾಗಿತ್ತು.

ಇದಕ್ಕೆ ಬರುವ ಗಟ್ಟಿ ಆಕ್ಷೇಪವೊಂದಿದೆ. ಅರೆಬರೆ ಪುರಾವೆಯ ಮೇಲೆ ಸಾರ್ವಜನಿಕ ನೀತಿ ರೂಪಿಸಬಹುದು ಎಂದುಬಿಟ್ಟರೆ ಊರಿನ ಗಾಳಿಮಾತೂ ನೀತಿಯಾಗಿಬಿಡುವುದಿಲ್ಲವೇ? ಲಸಿಕೆಯ ಬಗ್ಗೆ ಭಯ ಹಬ್ಬಿಸುವವರೂ ಇದೇ ಮುನ್ನೆಚ್ಚರಿಕೆಯ ಮಾತನ್ನಾಡುತ್ತಾರೆ. ಆಕ್ಷೇಪ ನಿಜ, ಅದಕ್ಕೆ ನಮ್ಮ ದೇಶದಲ್ಲೇ ನಿದರ್ಶನವಿದೆ. ಗರ್ಭಕೊರಳಿನ ಕ್ಯಾನ್ಸರ್ ತಡೆಯುವ ಎಚ್‌ಪಿವಿ ಲಸಿಕೆಯನ್ನು ಆಂಧ್ರಪ್ರದೇಶ ಮತ್ತು ಗುಜರಾತಿನ ಹುಡುಗಿಯರಿಗೆ ಕೊಡುವ ಯೋಜನೆಯೊಂದು 2010ರಲ್ಲಿ ನಿಂತಿತು, ಏಕೆಂದರೆ ಲಸಿಕೆ ಪಡೆದವರಲ್ಲಿ ಏಳು ಹುಡುಗಿಯರು ತೀರಿಕೊಂಡಿದ್ದರು. ವಿಚಾರಿಸಿ ನೋಡಿದಾಗ ಆ ಸಾವುಗಳಿಗೆ ಲಸಿಕೆ ಕಾರಣವೆನ್ನಲು ಆಧಾರ ಸಿಗಲಿಲ್ಲ. ಹಾವು ಕಚ್ಚಿದ್ದು, ನೀರಿನಲ್ಲಿ ಮುಳುಗಿದ್ದು ಸಹ ಆ ಏಳರಲ್ಲಿ ಸೇರಿತ್ತು. ಸಾವಿರಾರು ಹುಡುಗಿಯರಿರುವ ಗುಂಪಿನಲ್ಲಿ ಲಸಿಕೆ ಕೊಟ್ಟರೂ ಕೊಡದಿದ್ದರೂ ಕೆಲವು ಸಾವುಗಳು ನಡೆದೇ ನಡೆಯುತ್ತವೆ. ಲಸಿಕೆಯ ಬಳಿಕ ನಡೆದ ಸಾವು ಎನ್ನುವುದು ಲಸಿಕೆಯಿಂದಾದ ಸಾವು ಎನ್ನುವುದಕ್ಕೆ ಪುರಾವೆಯಲ್ಲ. ಆ ಯೋಜನೆಯಲ್ಲಿ ಹುಡುಗಿಯರ ಪೋಷಕರಿಂದ ಒಪ್ಪಿಗೆ ಪಡೆದ ರೀತಿ ತಪ್ಪಾಗಿತ್ತು ಎಂದು ಸಂಸದೀಯ ಸಮಿತಿ 2013ರಲ್ಲಿ ಹೇಳಿದ್ದು ಬೇರೆ ಮಾತು, ಗಂಭೀರವಾದ ಮಾತು. ಆದರೆ ಒಪ್ಪಿಗೆ ಪಡೆಯುವುದರಲ್ಲಾದ ಲೋಪದ ಪುರಾವೆಯನ್ನು ಲಸಿಕೆಯೇ ಅಪಾಯ ಎಂಬುದಕ್ಕೆ ಪುರಾವೆಯಾಗಿ ಜನರ ಮನಸ್ಸಿನಲ್ಲಿ ಬೆರೆಸಲಾಯಿತು. ಭಾರತದ ಹೆಣ್ಣುಮಕ್ಕಳಲ್ಲಿ ಹೆಚ್ಚಾಗಿ ಕಂಡುಬರುವ ಕ್ಯಾನ್ಸರುಗಳಲ್ಲಿ ಎರಡನೆಯದು ಗರ್ಭಕೊರಳಿನದು. ಲಸಿಕೆ ತಡವಾದುದರ ಬೆಲೆಯನ್ನು ಅವರೇ ತೆತ್ತರು.

ಹಾಗಾದರೆ ಕಾಸರಗೋಡಿನಲ್ಲಿ ಸರಿಯಾದದ್ದು ಇಲ್ಲೇಕೆ ತಪ್ಪು? ಎರಡೂ ಕಡೆ ಪುರಾವೆ ಅಪೂರ್ಣವೇ. ವ್ಯತ್ಯಾಸ ತಕ್ಕಡಿಯ ಇನ್ನೊಂದು ತಟ್ಟೆಯಲ್ಲಿದೆ. ಹೆಲಿಕಾಪ್ಟರ್ ನಿಲ್ಲಿಸಿದರೆ ಗೇರಿನ ಆದಾಯದಲ್ಲಿ ಒಂದಿಷ್ಟು ಕಡಿಮೆಯಾಗುತ್ತದೆ. ಲಸಿಕೆ ನಿಲ್ಲಿಸಿದರೆ ತಡೆಯಬಹುದಾಗಿದ್ದ ಕ್ಯಾನ್ಸರ್ ಬರುತ್ತದೆ, ಮತ್ತು ಅದು ಬರುತ್ತದೆ ಎಂಬುದಕ್ಕೆ ಇರುವ ಪುರಾವೆ ಲಸಿಕೆಯ ಅಪಾಯದ ಪುರಾವೆಗಿಂತ ಎಷ್ಟೋ ಬಲವಾದದ್ದು. ಮುನ್ನೆಚ್ಚರಿಕೆ ಎಂದರೆ ಏನನ್ನಾದರೂ ನಿಲ್ಲಿಸುವುದು ಎಂದು ತಿಳಿದವರು ನಿಲ್ಲಿಸುವುದರಿಂದಾಗುವ ಹಾನಿಯನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಗಾಳಿಮಾತಿಗೂ ದುರ್ಬಲ ಪುರಾವೆಗೂ ನಡುವೆ ಗೆರೆ ಎಳೆಯುವುದೂ ಅಸಾಧ್ಯವೇನಲ್ಲ. ಎಂಡೋಸಲ್ಫಾನ್ ನರಮಂಡಲಕ್ಕೆ ವಿಷ ಎಂಬುದು ಮೊದಲೇ ಗೊತ್ತಿತ್ತು, ಅದು ಆ ಮಕ್ಕಳ ರಕ್ತದಲ್ಲಿತ್ತು, ಅದು ಅಲ್ಲಿಗೆ ತಲುಪಿದ ದಾರಿ ಎಲ್ಲರಿಗೂ ಕಾಣುತ್ತಿತ್ತು. ಹಾಗೆಂದು ಆ ಊರಿನ ಪ್ರತಿಯೊಂದು ಕಾಯಿಲೆಯನ್ನೂ ಎಂಡೋಸಲ್ಫಾನಿನ ತಲೆಗೆ ಕಟ್ಟುವ ಬರಹಗಳನ್ನು ನಾನು ಒಪ್ಪುವುದಿಲ್ಲ. ನಿಷೇಧಕ್ಕೆ ಅಷ್ಟು ದೊಡ್ಡ ಮಾತು ಬೇಕಾಗಿಯೂ ಇರಲಿಲ್ಲ. ಉತ್ಪ್ರೇಕ್ಷೆ ಮಾಡಿದಷ್ಟೂ ಎದುರಾಳಿಗೆ ಒಂದು ಸುಳ್ಳನ್ನು ಎತ್ತಿತೋರಿಸಿ ಇಡೀ ವಾದವನ್ನೇ ತಳ್ಳಿಹಾಕುವ ಅವಕಾಶ ಸಿಗುತ್ತದೆ.

ಇನ್ನು ಮಡಿವಾಳದ ಕತೆ. ಸೋಡಿಯಂ ಪೆಂಟೋಥಾಲ್ ಶಸ್ತ್ರಚಿಕಿತ್ಸೆಗೆ ಮೊದಲು ಕೊಡುವ ಅರಿವಳಿಕೆ. ಅದನ್ನು ಸ್ವಲ್ಪಸ್ವಲ್ಪವೇ ರಕ್ತಕ್ಕೆ ಬಿಟ್ಟು, ಮನುಷ್ಯ ಪೂರ್ತಿ ನಿದ್ದೆಗೂ ಜಾರದೆ ಎಚ್ಚರವೂ ಇರದ ಸ್ಥಿತಿಯಲ್ಲಿ ಅದೇ ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳಲಾಗುತ್ತದೆ. ಆ ಸ್ಥಿತಿಯಲ್ಲಿ ಸುಳ್ಳು ಕಟ್ಟುವ ಶಕ್ತಿ ಕುಂದುತ್ತದೆ ಎಂಬುದು ಇದರ ಹಿಂದಿರುವ ನಂಬಿಕೆ. ಕುಂದುವುದು ಸುಳ್ಳಿನ ಶಕ್ತಿಯೊಂದೇ ಅಲ್ಲ. ನಡೆದದ್ದನ್ನೂ ಊಹಿಸಿಕೊಂಡದ್ದನ್ನೂ ಬೇರ್ಪಡಿಸುವ ಶಕ್ತಿ ಕುಂದುತ್ತದೆ, ಪ್ರಶ್ನೆಯೊಳಗೇ ಅಡಗಿರುವ ಸೂಚನೆಗೆ ತಲೆಯಾಡಿಸುವ ಗುಣ ಹೆಚ್ಚುತ್ತದೆ. ಛಾಪಾ ಕಾಗದ ಹಗರಣದ ಮುಖ್ಯ ಆರೋಪಿಯ ಮಂಪರಿನ ಮಾತುಗಳು ಟಿವಿ ವಾಹಿನಿಗಳಲ್ಲಿ ಪ್ರಸಾರವಾದಾಗ ಜನ ಅದನ್ನು ಒಳಗಿನ ಸತ್ಯ ಹೊರಬಿದ್ದಿತು ಎಂದೇ ನೋಡಿದರು. ನ್ಯಾಯಾಲಯದಲ್ಲಿ ಪಾಟೀಸವಾಲು ಎದುರಿಸದ, ಹೇಳಿದವನಿಗೇ ನೆನಪಿರದ ಮಾತು ಮನೆಮನೆಯ ಪಡಸಾಲೆಯಲ್ಲಿ ತೀರ್ಪಾಯಿತು.

ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ಎಂಬ ಪ್ರಕರಣದಲ್ಲಿ 2010ರ ಮೇ 5ರಂದು ಸುಪ್ರೀಂ ಕೋರ್ಟು ಇದಕ್ಕೆ ಕಡಿವಾಣ ಹಾಕಿತು. ಮುಖ್ಯ ನ್ಯಾಯಮೂರ್ತಿ ಕೆ.ಜಿ. ಬಾಲಕೃಷ್ಣನ್, ನ್ಯಾಯಮೂರ್ತಿಗಳಾದ ಆರ್.ವಿ. ರವೀಂದ್ರನ್ ಮತ್ತು ಜೆ.ಎಂ. ಪಾಂಚಾಲ್ ಅವರ ಪೀಠದ ಪ್ರಕಾರ, ಒಪ್ಪಿಗೆ ಇಲ್ಲದೆ ಮಂಪರು ಪರೀಕ್ಷೆ, ಸುಳ್ಳುಪತ್ತೆ ಪರೀಕ್ಷೆ, ಮಿದುಳಿನ ವಿದ್ಯುತ್ ಚಟುವಟಿಕೆಯ ಪರೀಕ್ಷೆ ಮಾಡುವುದು ತನ್ನ ವಿರುದ್ಧ ತಾನೇ ಸಾಕ್ಷಿ ಹೇಳಬೇಕಾಗಿಲ್ಲ ಎಂಬ 20(3)ನೇ ವಿಧಿಯ ರಕ್ಷಣೆಗೂ 21ನೇ ವಿಧಿಗೂ ವಿರುದ್ಧ. ಈ ಪರೀಕ್ಷೆಗಳಿಗೆ ದಾರಿ ಬಿಟ್ಟಿದ್ದ ಕರ್ನಾಟಕ ಹೈಕೋರ್ಟಿನ 2004ರ ನಿಲುವು ಬಿದ್ದುಹೋಯಿತು. ತಾನಾಗಿ ಒಪ್ಪಿ ಪರೀಕ್ಷೆಗೆ ಒಳಗಾದವನ ಮಾತನ್ನೂ ನೇರ ಸಾಕ್ಷ್ಯವಾಗಿ ಬಳಸುವಂತಿಲ್ಲ. ಆ ಮಾತಿನ ಜಾಡು ಹಿಡಿದು ಹೋಗಿ ಪತ್ತೆ ಮಾಡಿದ ವಸ್ತುವನ್ನೋ ಸಂಗತಿಯನ್ನೋ ಮಾತ್ರ ಬಳಸಬಹುದು. ಈ ಕೊನೆಯ ಅಂಶದಲ್ಲಿ ನ್ಯಾಯಾಲಯದ ವಿವೇಕ ನನಗೆ ಎದ್ದು ಕಾಣುತ್ತದೆ. ಸುಳಿವು ಬೇರೆ, ಸಾಕ್ಷ್ಯ ಬೇರೆ. ಎಲ್ಲಿ ಅಗೆದು ನೋಡಬೇಕು ಎಂದು ತೀರ್ಮಾನಿಸಲು ಕನಸಿನಂಥ ಮಾತೂ ಸಾಕಾಗಬಹುದು, ಏಕೆಂದರೆ ತಪ್ಪಿದರೆ ಒಂದು ಗುಂಡಿ ಸುಮ್ಮನೆ ತೋಡಿದಂತೆ. ಯಾರನ್ನು ಜೈಲಿಗೆ ಕಳಿಸಬೇಕು ಎಂಬ ತೀರ್ಮಾನಕ್ಕೆ ಅಗೆದಾಗ ಸಿಕ್ಕಿದ ವಸ್ತುವೇ ಬೇಕು.

ಇಲ್ಲೂ ಆಕ್ಷೇಪವಿದೆ. ಬಾಂಬ್ ಇಟ್ಟವನ, ಮಕ್ಕಳನ್ನು ಕೊಂದವನ ಹಕ್ಕುಗಳ ಬಗ್ಗೆ ಇಷ್ಟು ಮರುಗುವವರು ಸತ್ತವರ ಬಗ್ಗೆ ಏನು ಹೇಳುತ್ತಾರೆ? ಮಂಪರು ಪರೀಕ್ಷೆ ಬೇಡವೆಂದರೆ ಪೊಲೀಸರು ಲಾಠಿ ಹಿಡಿಯುತ್ತಾರೆ, ಹಾಗಾಗಿ ಇದೇ ಮಾನವೀಯ ದಾರಿ ಎಂಬ ವಾದವನ್ನು ಸರ್ಕಾರದ ಪರ ವಕೀಲರು ನ್ಯಾಯಾಲಯದ ಮುಂದೆಯೂ ಇಟ್ಟಿದ್ದರು. ಇದನ್ನು ಒಪ್ಪಿದರೆ ಒಂದು ಅಕ್ರಮವನ್ನು ತಡೆಯಲು ಇನ್ನೊಂದಕ್ಕೆ ಪರವಾನಗಿ ಕೊಟ್ಟಂತಾಗುತ್ತದೆ. ಒಂದಕ್ಕೆ ಪರವಾನಗಿ ಸಿಕ್ಕ ಮೇಲೆ ಇನ್ನೊಂದು ನಿಲ್ಲುತ್ತದೆ ಎಂಬ ಭರವಸೆಯೂ ಇಲ್ಲ. ಸತ್ತವರ ಮಾತಿಗೆ ಬಂದರೆ, ತಪ್ಪು ಮನುಷ್ಯ ಜೈಲಿಗೆ ಹೋದ ದಿನ ಸರಿಯಾದವನ ಕಡತ ಮುಚ್ಚಿಹೋಗುತ್ತದೆ. ನಿರಪರಾಧಿಗೆ ಶಿಕ್ಷೆಯಾದಾಗ ಸತ್ತವರ ಮನೆಯವರಿಗೂ ನ್ಯಾಯ ತಪ್ಪುತ್ತದೆ ಎಂಬುದನ್ನು ಭಾವೋದ್ವೇಗದಲ್ಲಿ ಮರೆಯುತ್ತೇವೆ. ಕ್ರಿಮಿನಲ್ ವಿಚಾರಣೆಯಲ್ಲಿ ಬಿಗಿಯಾದ ಪುರಾವೆ ಕೇಳುವುದು ಅವರಿಗೂ ಸಲ್ಲಿಸುವ ಗೌರವ.

ಪುರಾವೆಯಲ್ಲಿ ಎಷ್ಟು ಅಂತರ ಉಳಿದಿದೆ ಎಂಬುದನ್ನು ಮುಚ್ಚಿಡದೆ ತೀರ್ಮಾನಕ್ಕೆ ಬರುವ ಒಂದು ಮಾದರಿಯೂ ನಮ್ಮ ಕಾನೂನಿನಲ್ಲಿದೆ. ಜನನ ಪತ್ರವಿಲ್ಲದ ಹುಡುಗನೊಬ್ಬ ಅಪರಾಧದ ಆರೋಪ ಹೊತ್ತು ಬಂದಾಗ ಅವನು 18 ದಾಟಿದ್ದಾನೆಯೇ ಎಂದು ತಿಳಿಯಲು ಮಣಿಕಟ್ಟು, ಮೊಣಕೈಗಳ ಎಕ್ಸ್‌ರೇ ತೆಗೆದು ಎಲುಬು ಎಷ್ಟರ ಮಟ್ಟಿಗೆ ಕೂಡಿಕೊಂಡಿದೆ ಎಂದು ನೋಡುತ್ತಾರೆ. ಇದರಲ್ಲಿ ಎರಡು ವರ್ಷ ಆಚೀಚೆ ಆಗಬಹುದು ಎಂಬುದನ್ನು ಸುಪ್ರೀಂ ಕೋರ್ಟು 1982ರ ಜಯಮಾಲಾ ಪ್ರಕರಣದಲ್ಲೇ ಗುರುತಿಸಿತು. 2015ರ ಬಾಲನ್ಯಾಯ ಕಾಯ್ದೆಯ ಪ್ರಕಾರ ಮೊದಲು ಶಾಲೆಯ ಅಥವಾ ಪರೀಕ್ಷಾ ಮಂಡಳಿಯ ಪ್ರಮಾಣಪತ್ರ, ಅದಿಲ್ಲದಿದ್ದರೆ ಸ್ಥಳೀಯ ಸಂಸ್ಥೆಯ ಜನನ ಪತ್ರ, ಎರಡೂ ಇಲ್ಲದಿದ್ದರೆ ಮಾತ್ರ ಎಲುಬಿನ ಪರೀಕ್ಷೆ. ವಯಸ್ಸಿನ ಬಗ್ಗೆ ಎರಡು ಅಭಿಪ್ರಾಯಕ್ಕೆ ಎಡೆಯಿರುವ ಗಡಿರೇಖೆಯ ಪ್ರಕರಣಗಳಲ್ಲಿ ಹುಡುಗನ ಕಡೆಗೇ ವಾಲಬೇಕೆಂದು 2000ದ ಅರ್ನಿತ್ ದಾಸ್ ಪ್ರಕರಣ ಹೇಳಿತು. ಎಕ್ಸ್‌ರೇ ಆಧುನಿಕ, ಶಾಲೆಯ ದಾಖಲಾತಿ ಪುಸ್ತಕ ಹಳೆಯದು. ಆದರೂ ಪುಸ್ತಕ ಮೊದಲು. ಉಪಕರಣದ ಹೊಳಪಿಗೆ ಮರುಳಾಗದೆ ಅದು ಯಾವ ಪ್ರಶ್ನೆಗೆ ಉತ್ತರ ಕೊಡಬಲ್ಲದು, ಯಾವುದಕ್ಕೆ ಕೊಡಲಾರದು ಎಂದು ನೋಡಿ ಜಾಗ ಕೊಟ್ಟ ರೀತಿ ಇದು. ಶಾಲೆಗೆ ಸೇರಿಸುವಾಗ ಮೇಷ್ಟರು ಅಂದಾಜಿನಿಂದ ಬರೆದ ಹುಟ್ಟಿದ ದಿನ ಎಷ್ಟು ನಂಬಿಕಸ್ತ ಎಂದು ಕೇಳಬಹುದು, ಕೇಳಬೇಕು. ಆದರೆ ಆ ಬರಹ ಆರೋಪ ಬರುವ ಎಷ್ಟೋ ವರ್ಷ ಮೊದಲಿನದು. ಮೊಕದ್ದಮೆಗಾಗಿ ಅದನ್ನು ಯಾರೂ ಬರೆಸಿದ್ದಲ್ಲ.

ಪರಿಹಾರದ ವಿಷಯದಲ್ಲೂ ತೀರ್ಮಾನಕ್ಕೆ ತಕ್ಕ ಪುರಾವೆ ಎಂಬ ಈ ಮಾತು ಸಲ್ಲುತ್ತದೆ. ಒಂದು ಮಗುವಿನ ಬುದ್ಧಿಮಾಂದ್ಯಕ್ಕೆ ಎಂಡೋಸಲ್ಫಾನೇ ಕಾರಣ ಎಂದು ಆ ಮಗುವಿನ ಮಟ್ಟಿಗೆ ಯಾವ ವೈದ್ಯರೂ ಆಣೆಯಿಟ್ಟು ಹೇಳಲಾರರು. ಗುಂಪಿನ ಅಧ್ಯಯನ ಗುಂಪಿನ ಬಗ್ಗೆ ಹೇಳುತ್ತದೆ, ಒಬ್ಬೊಬ್ಬರ ಬಗ್ಗೆ ಹೇಳುವುದಿಲ್ಲ. ಇದೇ ಕಾರಣಕ್ಕೆ ನಿಗಮದ ಅಧಿಕಾರಿಯೊಬ್ಬರನ್ನು ನಿರ್ದಿಷ್ಟ ಮಗುವಿಗೆ ಹಾನಿ ಮಾಡಿದ ಅಪರಾಧಿ ಎಂದು ಶಿಕ್ಷಿಸುವುದಕ್ಕೆ ಆ ಅಧ್ಯಯನ ಸಾಲದು, ಹಾಗೆ ಬಳಸಿದರೆ ನಾನೂ ವಿರೋಧಿಸುತ್ತೇನೆ. ಪರಿಹಾರ ಕೊಡುವುದಕ್ಕೆ ಮಾತ್ರ ಅಷ್ಟು ಸಾಕು. ಸಂಬಂಧವಿಲ್ಲದ ಕಾಯಿಲೆಯ ಒಬ್ಬನಿಗೆ ಹಣ ಹೋದರೆ ಖಜಾನೆಗೆ ಅಷ್ಟು ನಷ್ಟ. ನಿಜವಾದ ಸಂತ್ರಸ್ತ ಹೊರಗುಳಿದರೆ ಒಬ್ಬ ತಾಯಿ ಹಾಸಿಗೆ ಹಿಡಿದ ಮಗುವನ್ನು ನೋಡಿಕೊಳ್ಳಲು ಕೂಲಿ ಬಿಟ್ಟು ಕೂರಬೇಕು. ಕರ್ನಾಟಕದಲ್ಲೂ ಗೇರು ಅಭಿವೃದ್ಧಿ ನಿಗಮ ಸಿಂಪಡಿಸಿದ್ದ ಬೆಳ್ತಂಗಡಿ ತಾಲ್ಲೂಕಿನ ಕೊಕ್ಕಡ, ಪಟ್ರಮೆ, ನಿಡ್ಲೆಯಂಥ ಊರುಗಳಲ್ಲಿ ವೈಕಲ್ಯದ ಶೇಕಡಾ ಪ್ರಮಾಣ ನೋಡಿ ಮಾಸಾಶನ ಕೊಡುವ ವ್ಯವಸ್ಥೆ ಬಂದದ್ದು ಈ ತರ್ಕದಿಂದಲೇ. ಕೇರಳದ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಬೇಕೆಂದು ಸುಪ್ರೀಂ ಕೋರ್ಟು 2017ರ ಜನವರಿ 10ರಂದು ಆದೇಶಿಸಿತು, ಮೂರು ತಿಂಗಳ ಗಡುವು ಕೊಟ್ಟಿತು. ಪುರಾವೆಯ ಮಾತು ಅಲ್ಲಿಗೆ ಮುಗಿದಿತ್ತು. ಐದು ವರ್ಷದ ಬಳಿಕ, 2022ರ ಮೇ ತಿಂಗಳಲ್ಲಿ ನ್ಯಾಯಾಂಗ ನಿಂದನೆಯ ಅರ್ಜಿ ವಿಚಾರಣೆಗೆ ಬಂದಾಗ, 3,704 ಸಂತ್ರಸ್ತರಲ್ಲಿ ಹಣ ಸಿಕ್ಕಿದ್ದು ನ್ಯಾಯಾಲಯದ ಮೆಟ್ಟಿಲು ಹತ್ತಿದ ಎಂಟೇ ಮಂದಿಗೆ.